ಕಾಯಿಲೆ ಒಪ್ಪದ ಅಜ್ಜಿ

ಮನೆಗೇ ಹೋಗಿ ಶುಶ್ರೂಷೆ ಮಾಡುವ ನರ್ಸ್ ಕೆಲಸದಲ್ಲಿ ನಗುವಿಗೆ ಬರಗಾಲವಿಲ್ಲ, ಅದರಲ್ಲೂ ತಪಾಸಣೆಯ ದಿನ. ಅಬುಧಾಬಿಯಲ್ಲಿ ನಾನು ನೋಡಿಕೊಳ್ಳುವ ಅರಬಿ ಅಜ್ಜಿಗೆ ಪಾರ್ಶ್ವವಾಯು ಬಡಿದು ಬಲಗಾಲು ಸ್ವಾಧೀನದಲ್ಲಿಲ್ಲ. ನರ್ಸಿನ ಖರ್ಚು ಸರ್ಕಾರದ ಆರೋಗ್ಯ ವಿಮೆಯದು. ದಿನಕ್ಕೆ ಎಷ್ಟು ಗಂಟೆ ನರ್ಸ್ ಬೇಕೆಂದು ಒಬ್ಬ ಮೇಡಂ ಆಗಾಗ ಬಂದು ನೋಡಿ ಬರೆಯುತ್ತಾರೆ. ಮೊದಲು ಹನ್ನೆರಡು ಗಂಟೆ ಇತ್ತು.

೧. ದೇವರ ದಯೆ

ಮೇಡಂ ಹೊರದೇಶದವರು, ಕೆಲಸಕ್ಕೂ ಹೊಸಬರು. ಹರುಕುಮುರುಕು ಅರಬಿಯಲ್ಲಿ ಕೇಳಿದರು, "ಉಮ್ಮಾ, ನೋವಿದೆಯಾ?"

"ಅಲ್ಹಮ್ದುಲಿಲ್ಲಾ."

"ನಡೆಯಲು ಆಗುತ್ತದಾ?"

"ಅಲ್ಹಮ್ದುಲಿಲ್ಲಾ."

ಊಟ, ನಿದ್ದೆ, ಸ್ನಾನ, ಎಲ್ಲದಕ್ಕೂ ದೇವರಿಗೆ ಸ್ತುತಿಯೇ ಉತ್ತರ. ಬಂದವರೆದುರು ನರಳಿದರೆ ದೇವರ ಮೇಲೆ ದೂರು ಹೇಳಿದಂತೆ ಎಂಬುದು ಅಜ್ಜಿಯ ನಂಬಿಕೆ. ಮೇಡಂ ಎಲ್ಲ ಕಡೆ 'ಚೆನ್ನಾಗಿದೆ' ಎಂದು ಬರೆದರು. ಹನ್ನೆರಡು ಗಂಟೆ ಎಂಟಕ್ಕಿಳಿಯಿತು.

"ಖಲಾಸ್, ಎಲ್ಲ ಹೋಯಿತು" ಎಂದು ಅಜ್ಜಿಯ ಮಗ ತಲೆಯ ಮೇಲೆ ಕೈಹೊತ್ತು ಕೂತರು.

ಅಜ್ಜಿ ಹೇಳಿದರು, "ಅದಕ್ಕೂ ಅಲ್ಹಮ್ದುಲಿಲ್ಲಾ."

೨. ಗಾವಾ

ನಾನು ಹೊರಟ ಮೇಲೆ ಮಗ ಬರುವವರೆಗೆ ಅಜ್ಜಿಯನ್ನು ಎತ್ತುವವರಿಲ್ಲ. ಒಮ್ಮೆ ಬಚ್ಚಲಲ್ಲಿ ಬಿದ್ದೂ ಆಯಿತು. ಮಗ ಮರುತಪಾಸಣೆ ಕೇಳಿದರು. "ಅಮ್ಮಾ, ಮೇಡಂ ಹೋಗುವವರೆಗೆ ಮಲಗಿಯೇ ಇರು" ಎಂದು ಆಣೆಯನ್ನೂ ಹಾಕಿಸಿಕೊಂಡರು.

ಅಜ್ಜಿ ಮಲಗಿಯೇ ಇದ್ದರು. ಆದರೆ ಮೇಡಂ ಗಾವಾ, ಅಂದರೆ ಇಲ್ಲಿಯ ಕಾಫಿ, ಬೇಡವೆಂದುಬಿಟ್ಟರು. ಮನೆಗೆ ಬಂದವರು ಬರಿಬಾಯಲ್ಲಿ ಹೋಗುವುದೇ! ಅಜ್ಜಿ ನನ್ನ ಸೊಂಟಕ್ಕೆ ಜೋತುಬಿದ್ದು ಎದ್ದು ನಿಂತು, ತಾವೇ ಲೋಟಕ್ಕೆ ಬಗ್ಗಿಸಿಕೊಟ್ಟರು. ಭಾರವೆಲ್ಲ ನನ್ನ ಮೇಲೆ ಮಾರಾಯ್ರೆ! ಮೇಡಂಗೆ ಕಂಡದ್ದು ಗಾವಾ ಮಾತ್ರ. 'ನಿಂತು ಅತಿಥಿಸತ್ಕಾರ ಮಾಡುತ್ತಾರೆ' ಎಂದು ಬರೆದುಕೊಂಡು ಹೋದರು.

ಆಮೇಲೆ ಎರಡು ದಿನ ಸೊಂಟ ಹಿಡಿದುಕೊಂಡು ಒದ್ದಾಡಿದವಳು ನಾನು. ಎಣ್ಣೆ ತಿಕ್ಕಿದ್ದು ಅಜ್ಜಿ.

೩. ಯಾರಿಗೆ ಯಾರು ಆಸರೆ

ಮೂರನೆಯ ತಪಾಸಣೆಯೇ ಕೊನೆ ಎಂದು ತಿಳಿಸಿದ್ದರು. ಮೇಡಂ ಈಗ ಪಳಗಿದ್ದರು. ಮೊದಲು ಮೂರು ಲೋಟ ಗಾವಾ ಕುಡಿದು, ಆಮೇಲೆ ಕೇಳಿದರು, "ಉಮ್ಮಾ, ನೀವು ಇಷ್ಟು ಗಟ್ಟಿ ಇದ್ದೀರಿ. ಈ ನರ್ಸನ್ನು ಬೇರೆ ಮನೆಗೆ ಕಳಿಸಲಾ?"

ಅಜ್ಜಿ ಗಪ್ಪನೆ ನನ್ನ ಕೈ ಹಿಡಿದುಕೊಂಡರು. ಆ ಮುಖದಲ್ಲಿ ನಾನು ಹೆದರಿಕೆ ಕಂಡದ್ದು ಅದೇ ಮೊದಲು. ಆದರೆ ಸೋಲೊಪ್ಪುವ ಜೀವವೇ ಅದು? ಅಂಥವರಿಗೆ ಕೈಮುಗಿಯಬೇಕು.

"ಕಳಿಸಿದರೆ ಇವಳ ಗತಿ ಏನು? ನನ್ನನ್ನು ಎತ್ತಿ ಕೂರಿಸದಿದ್ದರೆ ಇವಳಿಗೆ ಹೊತ್ತು ಹೋಗುವುದಿಲ್ಲ. ಸ್ನಾನ ಮಾಡಿಸದಿದ್ದರೆ ಊಟ ಸೇರುವುದಿಲ್ಲ. ಬಚ್ಚಲಿಗೆ ನಾನೊಬ್ಬಳೇ ಹೋದರೆ ಅಳುತ್ತಾಳೆ. ಹೆತ್ತವಳನ್ನು ಬಿಟ್ಟು ಬಂದ ಮಗು, ನಾನಲ್ಲದೆ ಯಾರು ನೋಡಿಕೊಳ್ಳಬೇಕು?"

ಮೇಡಂ ತಲೆಯೆತ್ತದೆ ಬರೆಯುತ್ತಲೇ ಹೋದರು: ಎತ್ತಿ ಕೂರಿಸಬೇಕು, ಸ್ನಾನ ಮಾಡಿಸಬೇಕು, ಬಚ್ಚಲಿಗೆ ಜೊತೆ ಬೇಕು. ಕೊನೆಗೆ ಕೇಳಿದರು, "ಎಂಟು ಗಂಟೆ ಸಾಕಾ ಉಮ್ಮಾ?"

"ಎಲ್ಲಿ ಸಾಕು? ಇವಳನ್ನು ನೋಡಿಕೊಳ್ಳಲು ನನಗೆ ಹನ್ನೆರಡು ಗಂಟೆಯಾದರೂ ಬೇಕು. ಬರೆದುಕೋ!"