ಹನ್ನೊಂದನೇ ಟ್ಯೂನಿನ ಕರ್ತೃವಿನ ಹೆಸರು ಕಾಣೆಯಾಗಿರುವ ಬಗ್ಗೆ

ನೆಲಮಾಳಿಗೆ ಗೇಮ್ ತಯಾರಿಕಾ ಇಲಾಖೆ (ಸಂಗೀತ ವಿಭಾಗ)
ಡುಲುತ್, ಮಿನೆಸೋಟ

ಸಂಖ್ಯೆ: ನೆಗೇಇ/ಸಂ/11/ಕೊನೇದು-2
ದಿನಾಂಕ: ಫೆಬ್ರವರಿ 4

ಸುತ್ತೋಲೆ

ವಿಷಯ: ಸಲಿಕೆಯಿಂದ ಹಿಮ ಬಾಚುವ ‘ಹಿಮಬಾಚಿ’ ವಿಡಿಯೊ ಗೇಮಿಗೆ ಮುಕ್ತ ಪರವಾನಗಿಯ ಸಂಗೀತ ಸಿದ್ಧಪಡಿಸುವ ಕುರಿತು.

ಉಲ್ಲೇಖ: ಅಕಾರ್ಡಿಯನ್ ಅನ್ನು ಗ್ಯಾರೇಜಿನಲ್ಲಿ ಮಾತ್ರ ನುಡಿಸತಕ್ಕದ್ದೆಂಬ ಈ ವಿಭಾಗದ ಹನ್ನೆರಡು ವರ್ಷ ಹಳೆಯ ಆದೇಶ.

ಸದರಿ ಗೇಮ್ ಶನಿವಾರ ಗ್ರಂಥಾಲಯದಲ್ಲಿ ಪ್ರದರ್ಶನಗೊಳ್ಳಲಿದೆ. ಬಳಸಿರುವ ಹನ್ನೊಂದು ಟ್ಯೂನುಗಳನ್ನು ಅವುಗಳ ಕರ್ತೃಗಳು ಅಂತರ್ಜಾಲದಲ್ಲಿ ಉಚಿತವಾಗಿ ಕೊಟ್ಟಿದ್ದು, ತಮ್ಮ ಹೆಸರು ಹಾಕಬೇಕೆಂದಷ್ಟೇ ಕೇಳಿದ್ದಾರೆ. ಹತ್ತು ಹೆಸರುಗಳಿವೆ. ಕೊನೆಯ ಹಂತದ ಹನ್ನೊಂದನೇ ಟ್ಯೂನಿನ, ಅಂದರೆ ಅಕಾರ್ಡಿಯನ್ ಟ್ಯೂನಿನ, ಕರ್ತೃವಿನ ಹೆಸರಿಲ್ಲ. ಸಿಗದಿದ್ದಲ್ಲಿ ಕೊನೆಯ ಹಂತವನ್ನು ಮೌನವಾಗಿ ಆಡತಕ್ಕದ್ದು. ಆದಕಾರಣ ಈ ಮೂಲಕ ಸೂಚಿಸಲಾಗಿದೆ:

1. ಕರ್ತೃವಿನ ಹೆಸರೂ ಸೇರಿರುವ ಟ್ಯೂನ್ ಕಡತಗಳ ಹೆಸರು ಬದಲಿಸತಕ್ಕದ್ದಲ್ಲ. ಕಾರಣ ಕೇಳಲಾಗಿ, ಗೇಮ್ ಬರೆಯುವ ಶ್ರೀ ವರ್ನ್‌ರವರು (ಕೆಳಸಹಿದಾರಳ ತಮ್ಮ) “ಉದ್ದ ಇತ್ತು ಅಕ್ಕ, ಅದಕ್ಕೆ ‘ಕೊನೇದು 2’ ಅಂತ ಇಟ್ಟೆ” ಎಂದಿದ್ದು, ಸದರಿ ಹೇಳಿಕೆಯನ್ನು ತಿರಸ್ಕರಿಸಲಾಗಿದೆ.

2. ಟ್ಯೂನಿನ ಕೊನೆ ಮತ್ತೆ ಮೊದಲಿಗೆ ಕೂಡುವಲ್ಲಿ ‘ಟಕ್’ ಎನ್ನಬಾರದು. ಎಂದಲ್ಲಿ, ಸಲಿಕೆ ಕಲ್ಲಿಗೆ ತಗುಲಿದ ಸದ್ದೆಂದು ವಾದಿಸತಕ್ಕದ್ದಲ್ಲ.

3. ಸದ್ದು ಸಮಗೊಳಿಸುವಾಗ ನಾಯಿಯ ತೀರ್ಮಾನವೇ ಅಂತಿಮ. ನಾಯಿ ಎದ್ದು ಹೋದಲ್ಲಿ ತಗ್ಗಿಸುವುದು. ಮಲಗಿದ್ದಲ್ಲಿ ಯಥಾಸ್ಥಿತಿ.

4. ಹನ್ನೊಂದನೇ ಟ್ಯೂನ್ ಹಾಕಿದಾಗಲೆಲ್ಲ ಮೇಲ್ಮಹಡಿಯಿಂದ ನಮ್ಮ ತಂದೆ ಶ್ರೀ ಆರ್ವಿಲ್‌ರವರು ಊರುಗೋಲು ಕುಟ್ಟುತ್ತಿದ್ದು, ಒಂಬತ್ತು ಆಕ್ಷೇಪಣೆಗಳೆಂದು ದಾಖಲಿಸಲಾಗಿದೆ. ಮುಂದುವರಿದಲ್ಲಿ ಉಲ್ಲೇಖಿತ ಆದೇಶದಂತೆ ಊರುಗೋಲನ್ನೂ ಗ್ಯಾರೇಜಿಗೆ ಕಳುಹಿಸಲಾಗುವುದು.

5. ಹೆಸರು ಪತ್ತೆಯಾಗುವವರೆಗೆ ವರ್ನ್‌ರವರು ಅಂತರ್ಜಾಲದ ಸಮಸ್ತ ಅಕಾರ್ಡಿಯನ್ ಟ್ಯೂನುಗಳನ್ನು ಕೇಳತಕ್ಕದ್ದು. ಕಾಫಿ ಇಲ್ಲ.

ತಿದ್ದುಪಡಿ, ಫೆಬ್ರವರಿ 6

ನಾನೂರ ಆರನೇ ಟ್ಯೂನಿನಲ್ಲಿ ಪತ್ತೆಯಾಗಿದೆ. ಕರ್ತೃ: ‘ಗ್ಯಾರೇಜ್ ಲೂನ್’ (ಲೂನ್: ಇಲ್ಲಿನ ಕೆರೆಗಳಲ್ಲಿ ಕೂಗುವ ಹಕ್ಕಿ). ಪುಟದ ಚಿತ್ರದಲ್ಲಿರುವ, ಕೆಂಪು ಟೇಪ್ ಸುತ್ತಿದ ಅಕಾರ್ಡಿಯನ್ ನಮ್ಮ ಮೇಲ್ಮಹಡಿಯ ಕಪಾಟಿನಲ್ಲಿದೆ. ಕೆಳಗೆ “ಯಾರು ಬೇಕಾದರೂ ಬಳಸಿಕೊಳ್ಳಿ, ಹೆಸರು ಹಾಕಿದರೆ ಸಾಕು. ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ” ಎಂದು ಬರೆಯಲಾಗಿದೆ.

ವಿಚಾರಿಸಲಾಗಿ ತಂದೆಯವರು, “ನಿಲ್ಸಿ ಅಂತ ಕುಟ್ಟಿದ್ದಲ್ಲ ಕಣಮ್ಮ, ತಾಳ ಹಾಕ್ತಿದ್ದೆ” ಎಂದಿದ್ದಾರೆ.

ಒಂಬತ್ತು ಆಕ್ಷೇಪಣೆಗಳನ್ನೂ ಉಲ್ಲೇಖಿತ ಆದೇಶವನ್ನೂ ರದ್ದುಪಡಿಸಲಾಗಿದೆ. ವಿಭಾಗಕ್ಕೆ ನಾಚಿಕೆಯಾಗಿದೆ.

ಸಹಿ/-
ಮಾರ್ಲಿಸ್ ಟಾಲಫ್ಸನ್
ಮುಖ್ಯಸ್ಥೆ, ಸಂಗೀತ ವಿಭಾಗ

ಪ್ರತಿಗಳು:
1. ಶ್ರೀ ವರ್ನ್: ಸದರಿ ಹೆಸರನ್ನು ಎಲ್ಲರಿಗಿಂತ ಮೇಲೆ ಹಾಕಲು. ಕಾಫಿ ಮಂಜೂರಾಗಿದೆ.
2. ನಾಯಿ: ಮಾಹಿತಿಗಾಗಿ.
3. ಶ್ರೀ ಆರ್ವಿಲ್ ಟಾಲಫ್ಸನ್, ಸಂಗೀತ ರಚನೆಕಾರರು, ಮೇಲ್ಮಹಡಿ: ಶನಿವಾರ ಊರುಗೋಲಿನ ಸಮೇತ ಖುದ್ದು ಹಾಜರಾಗುವಂತೆ ಕೋರಿ.