ಮಾವ ಕೊಟ್ಟ ಮೊಲ

ಬೆಳಗ್ಗೆ ಎದ್ದು ಮಾಳೇಶ ಬುಟ್ಟಿ ಎತ್ತಿ ನೋಡಿದರೆ, ರಾತ್ರಿ ಇಟ್ಟ ಶೇಂಗಾ ಹಿಂಡಿ ಇಟ್ಟ ಹಾಗೇ ಇತ್ತು. ನೆನೆಸಿದ ಮೆಕ್ಕೆಜೋಳವೂ ಇಟ್ಟ ಹಾಗೇ ಇತ್ತು. ಮೊಲ ಮಾತ್ರ ಮೂಲೆ ಸೇರಿ, ಹೆಣ್ಣಿನ ಕಡೆಯಿಂದ ಒಪ್ಪಿಗೆಯಿಲ್ಲ ಅನ್ನಿಸಿಕೊಂಡು ಬಂದ ಗಂಡಿನ ಹಾಗೆ ಮುದುಡಿ ಕೂತಿತ್ತು.

“ತಿನ್ನು ಲೇ,” ಅಂದ ಮಾಳೇಶ.

ಮೊಲ ತಿನ್ನಲಿಲ್ಲ.

“ತಿಂತೀಯೋ ಇಲ್ವೋ?” ಅಂತ ಗುಡುಗಿದ. ಮೊಲ ಕಿವಿ ಎರಡೂ ಬೆನ್ನಿಗೆ ಅಂಟಿಸಿ ಕಣ್ಣು ಮುಚ್ಚಿತು. ಗುಡುಗಿದರೆ ಕೆಲಸ ಆಗುತ್ತದೆ ಎಂದು ನಂಬಿಕೊಂಡೇ ಬೆಳೆದವನು ಮಾಳೇಶ. ಶಿರಾಳಕೊಪ್ಪದ ಪೇಟೆಯಲ್ಲಿ ಲಗೇಜ್ ಆಟೋ ಓಡಿಸುವವನಿಗೆ ಬೇರೆ ಯಾವ ವಿದ್ಯೆ ಬೇಕು? ಆದರೆ ಇವತ್ತು ಗುಡುಗಿಗೆ ಬಗ್ಗದ ಒಂದು ಪ್ರಾಣಿ ಸಿಕ್ಕಿತ್ತು. ಅದು ಸತ್ತರೆ ಅವನ ಮದುವೆಯೂ ಸತ್ತ ಹಾಗೆ.

ಸಂಗತಿ ಇಷ್ಟೇ. ಚಂದ್ರಗುತ್ತಿ ಕಡೆಗೆ ಒಂದು ಕಬ್ಬಿಣದ ಬೀರು ಇಳಿಸಲು ಹೋದಾಗ ಮಾಳೇಶ ಅಲ್ಲಿ ರೋಜಾಳನ್ನು ಕಂಡಿದ್ದ. ಕಂಡವನು ಬೀರನ್ನು ಯಾರದೋ ಮನೆಗೆ ಇಳಿಸಿ, ಮನಸ್ಸನ್ನು ಅವಳ ಮನೆಗೆ ಇಳಿಸಿ ಬಂದ. ಆಮೇಲೆ ಫೋನು, ಆಮೇಲೆ ಮಾತುಕತೆ. ಅವಳ ಅಪ್ಪ ಜಟ್ಟಪ್ಪ ಇವನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ್ದ: “ನಮ್ಮ ಮನೆತನದಾಗೆ ಒಂದು ಕಟ್ಟಳೆ ಐತೆ ಮಾರಾಯ. ಹೆಣ್ಣು ಕೇಳಕ್ಕೆ ಬಂದ ಗಂಡಿಗೆ ಒಂದು ತಬ್ಬಲಿ ಕುರಿಮರಿ ಕೊಡ್ತೀವಿ. ಸಾಕಿ, ಕೊಬ್ಬಿಸಿ ತೋರಿಸಿದ್ರೆ ಹೆಣ್ಣು ಅವನದು. ಸಾಯಿಸಿದ್ರೆ ಬೇರೆ ಊರು ನೋಡ್ಕಬೇಕು.”

ತೊಡಕು ಏನೆಂದರೆ, ಜಟ್ಟಪ್ಪ ಕುರಿ ಹಿಂಡನ್ನೆಲ್ಲ ಹೋದ ವರ್ಷವೇ ಮಾರಿ ಹಿತ್ತಲಲ್ಲಿ ಮೊಲ ಸಾಕಲು ಶುರು ಮಾಡಿದ್ದ. ಗೂಡಿಗೆ ಕೈ ಹಾಕಿ ಒಂದು ಬಿಳಿ ಮೊಲ ಎಳೆದು ಮಾಳೇಶನ ಮಡಿಲಿಗೆ ಹಾಕಿದ. “ಕಾಲ ಬದಲಾಗೈತೆ. ಇದನ್ನೇ ಮರಿ ಅಂತ ತಿಳ್ಕ.”

ಮಾಳೇಶ ತಿಳಿದುಕೊಂಡ. ಬಹಳ ಚೆನ್ನಾಗಿಯೇ ತಿಳಿದುಕೊಂಡ. ಅವನದು ಶಿಕಾರಿಪುರ ಸೀಮೆಯ ಕುರಿ ಕಾಯುವ ವಂಶ. ಮರಿ ಕೊಬ್ಬಿಸಬೇಕಾದರೆ ಏನು ಹಾಕಬೇಕು ಎಂಬುದು ಅವನಿಗೆ ಮಗ್ಗಿಗಿಂತ ಚೆನ್ನಾಗಿ ಗೊತ್ತಿತ್ತು. ಮಗ್ಗಿ ಏಳರಲ್ಲೇ ನಿಂತಿತ್ತು ಅನ್ನುವುದು ಬೇರೆ ಮಾತು. ಹಿಂಡಿ, ಜೋಳ, ಹುರುಳಿ ನುಚ್ಚು: ಕಾದಾಟದ ಟಗರಿಗೆ ಹಾಕುವುದನ್ನೆಲ್ಲ ಮೊಲಕ್ಕೆ ಹಾಕಿದ. ಮೊಲ ಹತ್ತಿ ತುಂಬಿದ ತಲೆದಿಂಬಿನ ಹಾಗೆ ಉಬ್ಬಿತು. ಇವತ್ತು ಸಂಜೆ ಬಸ್ಸಿಗೆ ಜಟ್ಟಪ್ಪ ಬರುವವನಿದ್ದ, ಬೆನ್ನು ಹಿಡಿದು ನೋಡಿ ತೀರ್ಪು ಹೇಳಲು. ಇವತ್ತೇ ಈ ದರಿದ್ರದ್ದು ಬಾಯಿ ಮುಚ್ಚಿ ಕೂತಿತ್ತು.

ಗುಡುಗು ಕೇಳಿ ಮೊದಲು ಬಂದವರು ಮನೆ ಓನರು ವರದಮ್ಮ. ಮೊಲವನ್ನು ಒಂದು ಸಲ ನೋಡಿ, “ದೃಷ್ಟಿ ಆಗೈತೆ ಕಣೋ ತಮ್ಮಾ,” ಅಂದರು. “ಹಾದೀಲಿ ಹೋಗೋರೆಲ್ಲ ‘ಅಯ್ಯೋ ಎಷ್ಟು ದಪ್ಪ, ಎಷ್ಟು ದಪ್ಪ’ ಅಂತಿದ್ರು. ನಾನೂ ಎರಡು ಸಲ ಅಂದೀನಿ.”

ಉಪ್ಪು, ಒಣಮೆಣಸಿನಕಾಯಿ ತಂದು ಮೊಲದ ಸುತ್ತ ನಿವಾಳಿಸಿ ಒಲೆಗೆ ಸುರಿದರು. ಮರುಕ್ಷಣವೇ ಮನೆಯೊಳಗೆ ಬಾಂಬು ಬಿದ್ದ ಹಾಗೆ ಎಲ್ಲರೂ ಕೆಮ್ಮುತ್ತ ಬೀದಿಗೆ ಓಡಿಬಂದರು. ಮೊಲ ಸೀನಿತು.

“ಘಾಟು ಬಂತೇನೋ?” ವರದಮ್ಮ ಸೆರಗಲ್ಲಿ ಮೂಗು ಮುಚ್ಚಿಕೊಂಡು ಕೇಳಿದರು.

“ಬಂತಾ ಅಂತ ಕೇಳ್ತೀರಲ್ರೀ! ಜೀವನೇ ಹೋಗ್ತಾ ಐತೆ!”

“ಹಂಗಾರೆ ದೃಷ್ಟಿ ಅಲ್ಲ ಬಿಡು. ದೃಷ್ಟಿ ಆಗಿದ್ರೆ ಘಾಟು ಬರ್ತಿರಲಿಲ್ಲ,” ಅಂದರು ನೆಮ್ಮದಿಯಿಂದ. ಮೆಣಸಿನಕಾಯಿ ಹಾಳಾದರೂ ಕಾಯಿಲೆಯ ಪಟ್ಟಿಯಿಂದ ಒಂದು ಹೆಸರು ಕಡಿಮೆಯಾಯಿತು.

ಕೆಮ್ಮಿನ ಸದ್ದಿಗೆ ಎದುರಿನ ಮೊಬೈಲ್ ಅಂಗಡಿಯ ಶಿವಶಂಕರ ಬಂದ. ಜಗತ್ತಿನಲ್ಲಿ ವಿಡಿಯೋ ಇಲ್ಲದ ಸಮಸ್ಯೆಯೇ ಇಲ್ಲ ಎಂದು ನಂಬಿದ ಮನುಷ್ಯ. ಫೋನಿನ ಮೇಲೆ ಬೆರಳಾಡಿಸಿ ಘೋಷಿಸಿದ: “ಒಂಟಿತನ ಮಾಳೇಶ. ಮೊಲ ಒಂಟಿ ಆದ್ರೆ ಊಟ ಬಿಡ್ತದಂತೆ. ಎದುರಿಗೆ ಕನ್ನಡಿ ಇಡಬೇಕಂತೆ, ಜೊತೆಗಾರ ಸಿಕ್ಕ ಅಂತ ಖುಷಿ ಆಗ್ತದಂತೆ.”

ಕನ್ನಡಿ ಇಟ್ಟರು. ಮೊಲ ಒಮ್ಮೆ ನೋಡಿತು. ನಿಧಾನವಾಗಿ ಗೋಡೆ ಕಡೆ ತಿರುಗಿ ಕೂತಿತು.

“ಹಿಂದೆ ನಿನ್ನ ಮುಖ ಕಾಣ್ತಾ ಐತೆ ನೋಡು, ಅದಕ್ಕೇ,” ಅಂದ ಶಿವಶಂಕರ. “ಈ ಕಡೆ ಬಾ. ಸಿಟ್ಟು ಮಾಡ್ಕಂಡ ಮುಖ ನೋಡಿ ಯಾರಿಗಪ್ಪ ಊಟ ಸೇರ್ತದೆ?”

ಮಾಳೇಶ ಕನ್ನಡಿ ಎತ್ತಿದ್ದು ಒಡೆಯಲಿಕ್ಕೆ. ವರದಮ್ಮ ಕೈ ಹಿಡಿದಿದ್ದರಿಂದ ಕನ್ನಡಿಯೂ ಉಳಿಯಿತು, ಶಿವಶಂಕರನೂ ಉಳಿದ.

ಅಷ್ಟರಲ್ಲಿ ಮೊಮ್ಮಗನ ಫೋನು ಕೇಳಿ ಊರಿಂದ ಅಜ್ಜ ಉಜ್ಜಪ್ಪ ಇಳಿದ. ಹೆಗಲಲ್ಲಿ ಕಂಬಳಿ, ಕಂಕುಳಲ್ಲಿ ಬಿದಿರಿನ ಗೊಟ್ಟ. ದನ-ಕುರಿಗಳ ಬಾಯಿಗೆ ಕಷಾಯ ಸುರಿಯುವ ಆ ಕೊಳವೆ ಅವನ ಮಟ್ಟಿಗೆ ಸಕಲ ರೋಗಕ್ಕೂ ಆಸ್ಪತ್ರೆ.

“ಶುಂಠಿ, ಬೆಳ್ಳುಳ್ಳಿ, ಓಂಕಾಳು, ಬೆಲ್ಲ. ಒಂದ್ ಗೊಟ್ಟ ಇಳಿದ್ರೆ ಸತ್ತ ಟಗರೂ ಎದ್ದು ಗುಮ್ತತಿ,” ಅಂದ ಉಜ್ಜಪ್ಪ.

“ಅಜ್ಜಾ, ಗೊಟ್ಟ ಮೊಲಕ್ಕಿಂತ ದೊಡ್ಡದೈತೆ.”

“ಬಾಯಿ ಮುಚ್ಕಂಡು ಹಿಡ್ಕ. ನಾನು ಗೊಟ್ಟ ಹಾಕ್ತಿರೋದು ನಿಮ್ಮಪ್ಪ ಹುಟ್ಟೋ ಮುಂಚಿಂದ.”

ಮಾಳೇಶ ಮೊಲವನ್ನು ಎದೆಗೆ ಅವಚಿ ಹಿಡಿದ. ಆದರೆ “ಹುಷಾರು ಅಜ್ಜಾ” ಅನ್ನದೆ ಬಾಯಿ ಮುಚ್ಚಿಕೊಂಡಿರುವುದು ಅವನಿಂದ ಆಗಲಿಲ್ಲ. ಬಾಯಿ ತೆರೆದದ್ದೂ, ಮೊಲ ಹಿಂಗಾಲಲ್ಲಿ ಒದ್ದು ಜಾರಿದ್ದೂ, ಅಜ್ಜ ಗೊಟ್ಟ ಬಗ್ಗಿಸಿದ್ದೂ ಒಂದೇ ಗಳಿಗೆಯಲ್ಲಿ ಆಯಿತು. ಹನಿಯೂ ನೆಲಕ್ಕೆ ಬೀಳಲಿಲ್ಲ. ಉಜ್ಜಪ್ಪನ ಕೈ ಅಷ್ಟು ಪಳಗಿದ್ದು.

ಮಧ್ಯಾಹ್ನದವರೆಗೂ ಮೊಲದ ಹೊಟ್ಟೆ ಕದಲಲಿಲ್ಲ. ಮಾಳೇಶನದ್ದು ಕದಲಿತು.

ಹೋಗಿ ಬಂದು ಸುಸ್ತಾದವನು ಕೊನೆಗೆ ಮೊಲವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ದನದ ಆಸ್ಪತ್ರೆಗೆ ನುಗ್ಗಿದ. ಎಮ್ಮೆ, ಹೋತ, ಕಟ್ಟು ಹಾಕಿಸಿಕೊಂಡ ನಾಯಿ ಎಲ್ಲವನ್ನೂ ದಾಟಿ ಡಾಕ್ಟರ್ ಶರಣ್ಯಾ ಅವರ ಮೇಜಿನ ಮೇಲೆ ಗಂಟು ಬಿಚ್ಚಿದ.

“ಮೇಡಂ, ಇದು ಸಂಜೆ ಒಳಗೆ ತಿನ್ನಬೇಕು. ಇಲ್ಲಾಂದ್ರೆ ನನ್ನ ಮದ್ವೆ ಇಲ್ಲ.”

ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದರು. “ಏನು ಹಾಕ್ತಿದ್ದೆ?”

ಮಾಳೇಶ ಎದೆಯುಬ್ಬಿಸಿ ಹೇಳಿದ. ಹಿಂಡಿ ಅಂದಾಗ ಡಾಕ್ಟರ ಹುಬ್ಬು ಏರಿತು, ಹುರುಳಿ ನುಚ್ಚು ಅನ್ನುವ ಹೊತ್ತಿಗೆ ಇಳಿಯಲು ಮರೆತೇಬಿಟ್ಟಿತ್ತು.

“ಇದೇನು ಟಗರಾ? ಮೊಲಕ್ಕೆ ಹುಲ್ಲು ಕಣಯ್ಯಾ, ಹುಲ್ಲು! ನಾರು ಇಲ್ದೆ ಕರುಳೇ ನಿಂತು ಹೋಗಿದೆ. ಇನ್ನೊಂದು ದಿನ ಹೀಗೇ ಬಿಟ್ಟಿದ್ರೆ ನನ್ನ ಹತ್ರ ತರೋ ಕೆಲಸಾನೇ ಇರ್ತಿರಲಿಲ್ಲ.” ಒಂದು ಇಂಜೆಕ್ಷನ್ ಚುಚ್ಚಿ, ಹನಿ ಔಷಧಿ ಕೊಟ್ಟರು. “ಗರಿಕೆ ಹುಲ್ಲು ತಂದು ಇಡು. ಹೊಟ್ಟೆ ಮೆತ್ತಗೆ ತಿಕ್ಕು, ಸ್ವಲ್ಪ ಓಡಾಡಿಸು. ಹಿಕ್ಕೆ ಹಾಕಿದ್ರೆ ಬದುಕ್ತು ಅಂತ ತಿಳ್ಕೋ. ಹಾಕಲಿಲ್ಲ ಅಂದ್ರೆ…” ಮುಂದಿನದನ್ನು ಹೇಳಲಿಲ್ಲ. ಬಾಗಿಲಾಚೆ ಎಮ್ಮೆ ಹೇಳಿತು.

ಮಾಳೇಶ ಮೊಲವನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿದ. ಕೊಬ್ಬಿಸುತ್ತೇನೆ ಅಂದುಕೊಂಡು ನಾನು ಕೊಲ್ಲುತ್ತಿದ್ದೆನಲ್ಲ! ದಾರಿಯುದ್ದಕ್ಕೂ ಮೊಲವನ್ನು ಬೈಯುವುದು ಬಿಟ್ಟು ತನ್ನನ್ನೇ ಬೈದುಕೊಂಡ. ಎದೆಗೊತ್ತಿದ ಗಂಟಿನೊಳಗೆ ಪುಟ್ಟ ಗುಂಡಿಗೆ ಹೊಲಿಗೆ ಮಿಷನ್ನಿನ ಹಾಗೆ ಓಡುತ್ತಿತ್ತು.

ಆಮೇಲೆ ಆ ಬೀದಿಯಲ್ಲಿ ನಡೆದದ್ದು ಒಂದು ತಪಸ್ಸು. ಉಜ್ಜಪ್ಪ ಕೆರೆ ಏರಿಯಿಂದ ಗರಿಕೆ ಕಿತ್ತು ತಂದ. ವರದಮ್ಮ ಅದನ್ನು ಗಣಪತಿಗೆ ಏರಿಸುವಷ್ಟೇ ಭಕ್ತಿಯಿಂದ ತೊಳೆದು ಒರೆಸಿದರು. ಶಿವಶಂಕರ ಅಂಗಡಿಗೆ ಅರ್ಧ ಬಾಗಿಲು ಹಾಕಿ ಬಂದು ಮೊಲದ ಹಿಂದೆ ಕುಕ್ಕರಗಾಲಲ್ಲಿ ಕೂತು, ಫೋನಿನ ಟಾರ್ಚು ಬಿಟ್ಟ. ಮಾಳೇಶ ಮಂಡಿಯೂರಿ ಹೊಟ್ಟೆ ತಿಕ್ಕಿದ. ಮೆತ್ತಗೆ. ಅವನ ಕೈಗೆ ಮೆತ್ತಗೆ ಬರುತ್ತದೆ ಅನ್ನುವುದು ಅವನಿಗೇ ಹೊಸ ಸುದ್ದಿ.

“ಹಾಕಪ್ಪ, ಒಂದೇ ಒಂದು ಹಾಕು ನನ್ನಪ್ಪ,” ಅಂದರು ವರದಮ್ಮ.

“ಬಾಲ ಎತ್ತಿತು!” ಅಂತ ಕೂಗಿದ ಶಿವಶಂಕರ. ಬಾಲ ಇಳಿಯಿತು. ಬೀದಿಯೆಲ್ಲ ಉಸಿರು ಬಿಟ್ಟಿತು.

ಸರಿಯಾಗಿ ಆ ಹೊತ್ತಿಗೆ ಬಸ್ಸಿಳಿದು ಬಿಳಿ ಪಂಚೆ ಉಟ್ಟ ಜಟ್ಟಪ್ಪ ಬಂದು ನಿಂತ. ಭಾವೀ ಅಳಿಯ ನೆಲದ ಮೇಲೆ, ಸುತ್ತ ಜನ, ಎಲ್ಲರ ಕಣ್ಣೂ ಮೊಲದ ಹಿಂಭಾಗದಲ್ಲಿ.

“ಏನ್ರಪ್ಪ ಇದು, ಪಂಚಾಂಗ ನೋಡ್ತಿದೀರಾ?”

ಯಾರೂ ತಿರುಗಿ ನೋಡಲಿಲ್ಲ. ಮಾಳೇಶ ಮಾತ್ರ, “ಬನ್ನಿ ಮಾವ, ಒಂದು ನಿಮಿಷ,” ಅಂದ. ಜಟ್ಟಪ್ಪನಿಗೆ ಕಾಯುವ ಅಭ್ಯಾಸವಿರಲಿಲ್ಲ. ಕುಕ್ಕರಿಸಿ ಕೂತು ಮೊಲವನ್ನು ಎತ್ತಿ ತನ್ನ ತೊಡೆ ಮೇಲೆ ಇಟ್ಟುಕೊಂಡು ಬೆನ್ನಿಗೆ ಕೈ ಹಾಕಿದ.

ಮೊಲ ಮೈ ನಡುಗಿಸಿತು. ಪಟ್. ಒಂದು. ಪಟ್ ಪಟ್. ಆಮೇಲೆ ಹರಿದ ಮೂಟೆಯಿಂದ ಕಾಳುಮೆಣಸು ಸುರಿದ ಹಾಗೆ, ಬಿಳಿ ಪಂಚೆಯ ಮೇಲೆ ಕರಿ ಮುತ್ತುಗಳು.

“ಹಿಕ್ಕೆ ಬಿತ್ತು!” ಮಾಳೇಶ ಆಕಾಶಕ್ಕೆ ನೆಗೆದ. “ಹಿಕ್ಕೆ ಬಿತ್ರೋ! ಬದುಕ್ತು!”

ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ವರದಮ್ಮ ಕಣ್ಣೊರೆಸಿಕೊಂಡರು. ಉಜ್ಜಪ್ಪ ಒಂದು ಹಿಕ್ಕೆ ಎತ್ತಿ ಬೆರಳಲ್ಲಿ ಒತ್ತಿ, “ನಂಬರ್ ಒನ್ ಮಾಲು,” ಅಂತ ಸರ್ಟಿಫಿಕೇಟ್ ಕೊಟ್ಟ. ಜಟ್ಟಪ್ಪನ ಪಂಚೆಯ ಬಗ್ಗೆ ಯಾರೂ ಕ್ಷಮೆ ಕೇಳಲಿಲ್ಲ. ಮೊಲ ತೊಡೆಯಿಂದ ಧುಮುಕಿ ಗರಿಕೆಗೆ ಬಾಯಿ ಹಾಕಿ, ಹಸಿದ ಮದುವೆ ಮನೆಯವರ ಹಾಗೆ ಮೇಯತೊಡಗಿತು.

ಆಶ್ಚರ್ಯವೆಂದರೆ ಜಟ್ಟಪ್ಪ ನಕ್ಕ. ಪಂಚೆ ಕೊಡವಿಕೊಂಡು ಮಾಳೇಶನ ಬೆನ್ನು ತಟ್ಟಿದ. “ಭೇಷ್ ಕಣಪ್ಪ. ಬೆನ್ನ ಮೇಲೆ ಎಂಥಾ ಮಾಂಸ! ನನ್ನ ಗೂಡಲ್ಲೇ ಇಷ್ಟು ತುಂಬಿರಲಿಲ್ಲ. ಹುಡುಗಿ ನಿಂದೇ ಹೋಗು.”

ಮಾಳೇಶನಿಗೆ ಊರೆಲ್ಲ ತಿರುಗಿ ಡಂಗುರ ಹೊಡೆಯಬೇಕು ಅನ್ನಿಸಿತು.

“ಭಾನುವಾರ ಒಪ್ಪಿಗೆ ಊಟ ಇಟ್ಕಳಣ,” ಅಂದ ಜಟ್ಟಪ್ಪ. “ಮೊಲ ತಗಂಡು ಬಾ. ಬರೋವಾಗ ಪೇಟೇಲಿ ಚಕ್ಕೆ, ಲವಂಗ, ಗಸಗಸೆ ತಗಂಬಿಡು.”

“ಗಸಗಸೆ ಯಾತಕ್ಕೆ ಮಾವ?”

“ಯಾತಕ್ಕೆ ಅಂದ್ರೆ? ಸಾರಿಗೆ! ಗಂಡು ಕೊಬ್ಬಿಸಿದ್ದನ್ನ ಗಂಡೇ ಕಡಿದು ಬೀಗರಿಗೆ ಬಡಿಸಬೇಕು. ಕಟ್ಟಳೆ ಅಂದ್ಮೇಲೆ ಪೂರ್ತಿ ಮಾಡ್ಬೇಕು ಮಾರಾಯ.”

ಚಪ್ಪಾಳೆ ನಿಂತಿತು. ಮಾಳೇಶ ಅಜ್ಜನ ಕಡೆ ತಿರುಗಿದ. ಉಜ್ಜಪ್ಪ ತಲೆ ಕೆರೆದುಕೊಂಡ. “ಮತ್ತೆ ಕೊಬ್ಸೋದು ಯಾತಕ್ಕೆ ಅಂದ್ಕಂಡಿದ್ದೀ, ಸಾಲಿಗೆ ಕಳಸಾಕಾ?”

ಮಾಳೇಶ ಮೊಲವನ್ನು ಎತ್ತಿ ಎದೆಗೆ ಒತ್ತಿಕೊಂಡ. ಅದರ ಬಾಯಲ್ಲಿನ್ನೂ ಗರಿಕೆಯ ಎಳೆ ಅಲುಗುತ್ತಿತ್ತು. “ಆಗಲ್ಲ ಮಾವ. ಬೆಳಗ್ಗಿಂದ ಈ ಹೊಟ್ಟೆಗಾಗಿ ಒದ್ದಾಡೀನಿ. ಈ ಹೊಟ್ಟೆ ಯಾರ ಹೊಟ್ಟೆಗೂ ಹೋಗಲ್ಲ.”

“ತಮಾಷೆ ಮಾಡ್ಬೇಡ. ಹುಡುಗಿ ಬೇಕೋ, ಮೊಲ ಬೇಕೋ?”

“ಮೊಲ!” ಅಂತ ಗುಡುಗಿದ ಮಾಳೇಶ.

ಆ ಗುಡುಗಿಗೆ ಬೀದಿ ಮತ್ತೆ ಹೋ ಎಂದಿತು. ಮಾಂಸದ ವಾಸನೆಗೇ ಮೂಗು ಮುಚ್ಚುವ ವರದಮ್ಮ, “ಹೋಗ್ರೀ, ಹೋಗ್ರೀ! ನಮ್ಮ ಮೊಲಕ್ಕೆ ಗಸಗಸೆ ಅರೀತಾರಂತೆ!” ಅಂತ ಪೊರಕೆ ಎತ್ತಿದರು. ಜಟ್ಟಪ್ಪ ಪಂಚೆ ಎತ್ತಿಕಟ್ಟಿ, ಬಂದ ಬಸ್ಸಿನಲ್ಲೇ ಹೋದ. ಶಿವಶಂಕರ ಮಾಳೇಶನನ್ನು ಮೊಲದ ಸಮೇತ ಹೆಗಲ ಮೇಲೆ ಹೊತ್ತು ಬೀದಿಯ ಆ ತುದಿಯಿಂದ ಈ ತುದಿಗೆ ಮೆರವಣಿಗೆ ಮಾಡಿದ. ಹುಟ್ಟಿದಾಗಿನಿಂದ ಮಾಳೇಶ ಇಷ್ಟು ದೊಡ್ಡದಾಗಿ ಯಾವುದರಲ್ಲೂ ಗೆದ್ದಿರಲಿಲ್ಲ.

ಹೆಗಲಿಂದ ಇಳಿಯುವಷ್ಟರಲ್ಲಿ ಫೋನು ಬಂತು. ರೋಜಾ. ಮಾಳೇಶ ಮೀಸೆ ತಿರುವಿಕೊಂಡೇ ಎತ್ತಿದ.

“ಅಪ್ಪ ಬಸ್ಸಿಂದ ಫೋನ್ ಮಾಡಿ ಹೇಳಿದ್ರು,” ಅಂದಳು. “ಮೊಲ ಬದುಕ್ತಂತೆ.”

“ಬದುಕ್ತು ರೋಜಾ! ನಾನೇ ಬದುಕಿಸಿದ್ದು.”

“ಕಡಿಯಲ್ಲ ಅಂದ್ಯಂತೆ. ಒಳ್ಳೇದು ಮಾಡ್ದೆ. ನಂಗೂ ಈ ಕಟ್ಟಳೆ ಅಂದ್ರೆ ಆಗಲ್ಲ.” ಮಾಳೇಶ ಇನ್ನೊಂದು ಮೀಸೆಗೂ ಕೈ ಹಾಕಿದ. “ಆದ್ರೆ ಒಂದು ಹೇಳು. ಹುಡುಗಿ ಬೇಕೋ ಮೊಲ ಬೇಕೋ ಅಂತ ಕೇಳ್ದಾಗ ಎಷ್ಟು ಹೊತ್ತು ಯೋಚನೆ ಮಾಡ್ದೆ?”

ಮಾಳೇಶನ ಕೈ ಮೀಸೆಯಲ್ಲೇ ನಿಂತಿತು.

“ಅಪ್ಪ ಕೇಳಿ ಬಾಯಿ ಮುಚ್ಚೋದ್ರೊಳಗೆ ‘ಮೊಲ’ ಅಂತ ಕಿರುಚಿದ್ಯಂತೆ. ಒಂದು ಸಲ ಉಗುಳು ನುಂಗೋಷ್ಟು ಹೊತ್ತಾದ್ರೂ ತಗಬಾರದಾಗಿತ್ತಾ?”

“ರೋಜಾ, ಅದು ಸಿಟ್ಟಿನಾಗೆ—”

“ಅದರ ಜೊತೇನೇ ಸಂಸಾರ ಮಾಡು. ಹೊಟ್ಟೆ ಚೆನ್ನಾಗಿ ತಿಕ್ತೀಯಂತೆ.” ಫೋನು ಸತ್ತಿತು.

ಬೀದಿಯೆಲ್ಲ ಅವನ ಮುಖವನ್ನೇ ನೋಡುತ್ತಿತ್ತು. “ಏನಂದ್ಲೋ?” ಅಂತ ಕೇಳಿದ ಉಜ್ಜಪ್ಪ.

ಮಾಳೇಶ ಫೋನನ್ನು ಜೇಬಿಗಿಟ್ಟು ಮೊಲದ ಪಕ್ಕ ಕುಕ್ಕರಿಸಿದ.

“ಏನಿಲ್ಲ ಅಜ್ಜಾ. ಆ ಗರಿಕೆ ಇತ್ಲಾಗೆ ಕೊಡು. ಇನ್ನೊಂದು ಹಿಡಿ ತಿನ್ನಂಗೆ ಕಾಣ್ತದೆ.”