ಮುತ್ತುವಿನ ಉಬ್ಬಸ, ಮುಂಡಪ್ಪ ಶೆಟ್ಟರ ಶಾಲು

ವೇಣೂರಿನ ಅಕ್ಕಿ ಮಿಲ್ಲಿನ ಮುಂಡಪ್ಪ ಶೆಟ್ಟರಿಗೆ ಐವತ್ತೆರಡು ವರ್ಷದ ಬಾಳಿನಲ್ಲಿ ಅವಮಾನವೇ ಆಗಿರಲಿಲ್ಲ ಎಂದಲ್ಲ. ಮದುವೆಯಾಗಿ ಇಪ್ಪತ್ತೆಂಟು ವರ್ಷ ಕಳೆದವರಿಗೆ ಆ ವಿಷಯದಲ್ಲಿ ಬೇಕಾದಷ್ಟು ಅನುಭವ ಇರುತ್ತದೆ. ಆದರೆ ಒಂದು ಇಲಿಯ ನಿದ್ದೆ ಕೆಡುತ್ತದೆಂದು ಮನುಷ್ಯನನ್ನು ಅವನದೇ ಆರಾಮಕುರ್ಚಿಯಿಂದ ಎಬ್ಬಿಸುವುದೆಂದರೆ!

"ಸ್ವಲ್ಪ ಜಗಲಿಗೆ ಹೋಗಿ ನೀವು," ಎಂದರು ಹೆಂಡತಿ ಅಮ್ಮಣ್ಣಿ, ಇಲಿಯ ಗೂಡಿನ ಮೇಲೆ ಬೀಸಣಿಗೆಯಾಡಿಸುತ್ತ. "ಮುತ್ತು ಈಗಷ್ಟೇ ಕಣ್ಣು ಮುಚ್ಚಿದೆ. ನಿಮ್ಮದು ಗಂಟಲಾ, ಮಿಲ್ಲಿನ ಸೈರನ್ನಾ?"

"ನಾನು ಭಾಷಣ ಅಭ್ಯಾಸ ಮಾಡ್ತಾ ಇದ್ದೇನೆ ಮಾರಾಯ್ತಿ!"

"ಎಂತದರ ಭಾಷಣ?"

ಶೆಟ್ಟರು ಕಾಗದ ಮಡಚಿಕೊಂಡು ಎದ್ದರು. ಭಾಷಣ ಇಲಿಗಳನ್ನು ನಿರ್ವಂಶ ಮಾಡುವುದರ ಬಗ್ಗೆ.

ವಿಷಯ ಹೀಗೆ. ಬೆಳೆದ ಭತ್ತದ ದೊಡ್ಡ ಪಾಲು ಇಲಿಗಳ ಹೊಟ್ಟೆಗೆ ಹೋಗುತ್ತದೆಂದು ಸರಕಾರಕ್ಕೆ ಆ ವರ್ಷ ಇದ್ದಕ್ಕಿದ್ದಂತೆ ಜ್ಞಾನೋದಯವಾಗಿತ್ತು. ಊರೂರಿನಲ್ಲಿ 'ಮೂಷಕ ನಿರ್ಮೂಲನ ಸಪ್ತಾಹ' ಆಗಬೇಕೆಂದು ಬ್ಲಾಕ್ ಆಫೀಸಿನಿಂದ ಆಜ್ಞೆ ಬಂತು. ವೇಣೂರಿನ ಸಮಿತಿಗೆ ಮುಂಡಪ್ಪ ಶೆಟ್ಟರೇ ಅಧ್ಯಕ್ಷರು. ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಇಲಿಗಳೊಡನೆ ಮಹಾಯುದ್ಧ ಮಾಡಿದ ವೀರರು ಇನ್ನಾರಿದ್ದಾರೆ? ಸಪ್ತಾಹದ ಕೊನೆಯ ದಿನ ಅಧ್ಯಕ್ಷರಿಗೆ ಶಾಲು ಹೊದಿಸುವುದೆಂದು ಕಾರ್ಯಕ್ರಮದ ಪಟ್ಟಿಯಲ್ಲಿ ಅಚ್ಚಾಗಿತ್ತು. ಆ ಒಂದು ಸಾಲನ್ನು ಶೆಟ್ಟರು ದಿನಕ್ಕೆ ಮೂರು ಸಲ ಓದುತ್ತಿದ್ದರು. ಊರಿನಲ್ಲಿ ತಲೆಯಿದ್ದವರಿಗೆಲ್ಲ ಒಂದಲ್ಲ ಒಂದು ಕಾರಣಕ್ಕೆ ಶಾಲು ಬಿದ್ದಿತ್ತು. ಉಪಾಧ್ಯಕ್ಷ ನೋಣಯ್ಯ ಗೌಡರಿಗಂತೂ ಎರಡು. (ಒಂದು ಬಾವಿ ತೋಡಿಸಿದ್ದಕ್ಕೆ, ಇನ್ನೊಂದು ಅದರಲ್ಲಿ ನೀರು ಬಂದದ್ದಕ್ಕೆ.) ಶೆಟ್ಟರ ಹೆಗಲು ಮಾತ್ರ ಇಷ್ಟು ವರ್ಷ ಬೋಳಾಗಿಯೇ ಉಳಿದಿತ್ತು.

ಇಂಥ ಪುಣ್ಯಕಾಲದಲ್ಲಿಯೇ ಬೊಂಬಾಯಿಯಲ್ಲಿ ಹೋಟೆಲು ಇಟ್ಟಿದ್ದ ಭಾವಮೈದುನ ಕಮಲಾಕ್ಷ ಹಡಗಿನಲ್ಲಿ ಬಂದು, ಅಕ್ಕನಿಗೆಂದು ತಂತಿಯ ಗೂಡಿನಲ್ಲಿ ಒಂದು ಬಿಳಿ ಸುಂಡಿಲಿ ತಂದುಕೊಟ್ಟು ಹೋದದ್ದು. ಹಾಲಿನ ಬಣ್ಣದ ಮೈ, ಕೆಂಪು ಕಣ್ಣು, ಗೇಣುದ್ದದ ಅಹಂಕಾರ.

ಬೇರೆ ಯಾರಾದರೂ ತಂದಿದ್ದರೆ ಶೆಟ್ಟರು ಅದನ್ನು ಆ ಕ್ಷಣವೇ ಫಲ್ಗುಣಿ ಹೊಳೆಯ ಆಚೆ ದಡಕ್ಕೆ ಕಳಿಸುತ್ತಿದ್ದರು. ಆದರೆ ಮನೆ ಅಮ್ಮಣ್ಣಿಯ ತಾಯಿಮನೆ. ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಕಟ್ಟಿನಲ್ಲಿ ಅದರ ಹೆಂಚು, ಕಂಬ, ಬಾವಿ ಎಲ್ಲ ಅಕ್ಕನದು ಮತ್ತು ತಮ್ಮನದು. ಅಲ್ಲಿ ಶೆಟ್ಟರದೆಂದು ಇದ್ದದ್ದು ಆರಾಮಕುರ್ಚಿ ಒಂದು, ಸೊಂಟದಲ್ಲಿ ಸಿಕ್ಕಿಸಿದ ನಸ್ಯದ ಡಬ್ಬಿ ಒಂದು. ತಮ್ಮ ಕೊಟ್ಟ ಇಲಿ ಮನೆಯ ಸಂತಾನಕ್ಕೆ ಸೇರಿದ್ದು. ಗಂಡ ಹೊರಗಿನವನು.

"ಅಧ್ಯಕ್ಷನ ಮನೆಯಲ್ಲಿಯೇ ಇಲಿಗೆ ಹಾಲೂ ಅವಲಕ್ಕಿಯೂ! ಊರವರು ಕೇಳಿದರೆ ಎಂತ ಹೇಳುವುದು?" ಎಂದು ಶೆಟ್ಟರು ಮೊದಲ ದಿನವೇ ಕೂಗಾಡಿದ್ದರು.

"ಗದ್ದೆಯಲ್ಲಿ ಓಡುವುದು ಇಲಿ. ಇದು ಮುತ್ತು," ಎಂದಿದ್ದರು ಅಮ್ಮಣ್ಣಿ. ಅಲ್ಲಿಗೆ ಚರ್ಚೆ ಮುಗಿದಿತ್ತು. ಶೆಟ್ಟರು ರೋಷದಿಂದ ಡಬ್ಬಿ ತೆರೆದು, ಒಂದು ದೊಡ್ಡ ಚಿಟಿಕೆ ಏರಿಸಿ, ಕಂಬ ನಡುಗುವಂತೆ ಸೀನಿದ್ದರು. ಅವರಿಗೆ ಕೋಪ ಬಂದರೆ ನಸ್ಯ ಬೇಕು. ಮುತ್ತು ಬಂದ ಮೇಲೆ ಅವರಿಗೆ ಕೋಪ ಬಾರದ ಗಳಿಗೆಯೇ ಇಲ್ಲ.

ಹದಿನೈದು ದಿನ ಆಗುವುದರೊಳಗೆ ಮುತ್ತುವಿಗೆ ಉಬ್ಬಸ ಹಿಡಿಯಿತು. ಮೊದಲು ಸಣ್ಣ ಸೀನು. ಮತ್ತೆ ಉಸಿರು ಎಳೆದಾಗಲೆಲ್ಲ ತೂತು ಬಿದ್ದ ಹಾರ್ಮೋನಿಯಂ ಒತ್ತಿದ ಹಾಗೆ "ಕಿಂಯ್... ಕಿಂಯ್." ಮೈಯ ರೋಮ ನಿಮಿರಿತು, ಪಕ್ಕೆಗಳು ತಿದಿಯ ಹಾಗೆ ಆಡಿದವು. ಅಮ್ಮಣ್ಣಿ ತುಳಸಿಯ ಕಷಾಯ ಹತ್ತಿಯಲ್ಲಿ ಅದ್ದಿ ಹಿಂಡಿದರು. ಓಮ ಹುರಿದು ಗಂಟು ಕಟ್ಟಿ ಗೂಡಿಗೆ ತೂಗುಹಾಕಿದರು. ದೈವಕ್ಕೆ ಒಂದು ಎಳನೀರಿನ ಬೊಂಡ ಹರಕೆ ಹೇಳಿದರು. (ಕಳೆದ ವರ್ಷ ಶೆಟ್ಟರು ಟೈಫಾಯಿಡ್‌ನಲ್ಲಿ ಮಲಗಿದ್ದಾಗ ದೈವಕ್ಕೆ ಯಾರೂ ಏನೂ ಹೇಳಿರಲಿಲ್ಲ. ಈ ವಿಷಯವನ್ನು ಅವರು ಮರೆತಿಲ್ಲ.)

ಕೊನೆಗೆ ಅಪ್ಪಣೆ ಹೊರಟಿತು. "ಮೂಡಬಿದಿರೆಯ ಧರ್ಣಪ್ಪ ಡಾಕ್ಟ್ರ ಹತ್ತಿರ ಕೊಂಡುಹೋಗಿ."

"ನಾನಾ? ಬರುವ ಭಾನುವಾರವೇ ಸಪ್ತಾಹದ ಉದ್ಘಾಟನೆ! ದಾರಿಯಲ್ಲಿ ಯಾರಾದರೂ ನೋಡಿದರೆ?"

"ಹಾಗಾದರೆ ಕಮಲಾಕ್ಷನಿಗೆ ಕಾಗದ ಬರೀತೇನೆ. ಭಾವ ನೋಡಿಕೊಳ್ಳಲಿಲ್ಲ, ನೀನು ಕೊಟ್ಟದ್ದು ಹೋಯಿತು ಅಂತ."

ಮರುದಿನ ಬೆಳಿಗ್ಗೆ ಲೋಕದ ಮೂಷಕಕುಲಕ್ಕೆ ಯಮಸ್ವರೂಪಿಯಾದ ಮುಂಡಪ್ಪ ಶೆಟ್ಟರು ಇಲಿಯ ಗೂಡನ್ನು ಬಟ್ಟೆಯ ಚೀಲದಲ್ಲಿಟ್ಟು, ಮೇಲೆ ಬಾಳೆಲೆ ಮುಚ್ಚಿ, ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ಬಸ್ಸು ಹತ್ತಿದರು.

ಬಸ್ಸಿನಲ್ಲಿ ಖಾಲಿಯಿದ್ದದ್ದು ಒಂದೇ ಸೀಟು. ಅದರ ಪಕ್ಕದಲ್ಲಿ ಕೂತಿದ್ದವನು ಗ್ರಾಮಸೇವಕ ಶಂಭು. ಸಪ್ತಾಹದ ಕಾರ್ಯದರ್ಶಿ. ಮಡಿಲಲ್ಲಿ ಇಲಿ ಪಾಷಾಣದ ಪೊಟ್ಟಣಗಳು.

"ಓ, ಅಧ್ಯಕ್ಷರು! ಬನ್ನಿ, ಕೂತುಕೊಳ್ಳಿ. ಬೆಳುವಾಯಿಯಲ್ಲಿ ಒಂದೇ ದಿನಕ್ಕೆ ಮುನ್ನೂರು ಇಲಿ ಹೊಡೆದರಂತೆ ಶೆಟ್ರೇ. ನಾವು ಬಿಡಬಾರದು."

"ಬಿಡಬಾರದು," ಎಂದರು ಶೆಟ್ಟರು.

"ಕಿಂಯ್," ಎಂದಿತು ಚೀಲ.

ಶಂಭು ಚೀಲದ ಕಡೆ ತಿರುಗಿದ. ಶಾಲು ಶೆಟ್ಟರ ಕಣ್ಣಮುಂದೆಯೇ ರೆಕ್ಕೆ ಬಿಚ್ಚಿ ಹಾರಲು ಸಿದ್ಧವಾಯಿತು. ಬೇರೆ ದಾರಿ ಕಾಣದೆ ಅವರು ಎದೆಯ ಮೇಲೆ ಕೈಯಿಟ್ಟು, ಕುತ್ತಿಗೆ ಮುಂದೆ ಚಾಚಿ, ತಾವೇ "ಕಿಂಯ್" ಎಂದು ಉಸಿರೆಳೆದರು.

"ಅಯ್ಯೋ ಶೆಟ್ರೇ! ನಿಮಗೆ ಉಬ್ಬಸ ಉಂಟಾ?"

"ಸ್ವಲ್ಪ... ಇತ್ತೀಚೆಗೆ..."

ಅಲ್ಲಿಂದ ಮೂಡಬಿದಿರೆಯವರೆಗೆ ಮುತ್ತು ಒಂದು ಉಸಿರೆಳೆದರೆ ಶೆಟ್ಟರು ಎರಡು ಎಳೆಯಬೇಕಾಯಿತು. ಒಮ್ಮೊಮ್ಮೆ ಮುತ್ತು ಸುಮ್ಮನಾದಾಗಲೂ ಅನುಮಾನ ಬಾರದಿರಲೆಂದು ಶೆಟ್ಟರು ಒಬ್ಬರೇ ಮುಂದುವರಿಸಿದರು. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಕಂಡಕ್ಟರ್ ಅಬ್ದುಲ್ ಮಜೀದ್ ಟಿಕೆಟು ಹರಿಯುವುದನ್ನು ಬಿಟ್ಟು ಬಂದು ಅವರ ಬೆನ್ನು ತಿಕ್ಕಿದ.

"ಕಿಟಕಿ ತೆಗೆಯಿರಿ ಮಾರಾಯ್ರೆ, ಶೆಟ್ರಿಗೆ ಗಾಳಿ ಬೇಕು! ನನ್ನ ಮಾವನಿಗೂ ಹೀಗೆಯೇ ಶುರುವಾದದ್ದು ಶೆಟ್ರೇ."

"ಈಗ ಹೇಗಿದ್ದಾರೆ?"

ಮಜೀದ್ ಟಿಕೆಟು ಹರಿಯುತ್ತ ಮುಂದಿನ ಸೀಟಿಗೆ ಹೋದ.

ಡಾಕ್ಟರ್ ಧರ್ಣಪ್ಪ ನಗುವ ಜಾತಿಯವರಲ್ಲ. ಬಾಗಿಲು ಹಾಕಿಸಿ, ಶೆಟ್ಟರು ಬಾಳೆಲೆ ಸರಿಸಿದಾಗ ಅವರು ಕನ್ನಡಕ ಏರಿಸಿ ಗೂಡಿನೊಳಗೆ ನೋಡಿದರು. ಸ್ಟೆತೋಸ್ಕೋಪಿನ ಬಿಲ್ಲೆ ರೋಗಿಗಿಂತ ದೊಡ್ಡದಿತ್ತು. ಆದ್ದರಿಂದ ಕಿವಿಯನ್ನೇ ತಂತಿಗೆ ಹಚ್ಚಿ ಕೇಳಿದರು.

"ಅಡಿಗೆ ಎಂತ ಹಾಸಿದ್ದು?"

"ಉಮಿ. ನಮ್ಮದೇ ಮಿಲ್ಲಿನದು. ಬಹಳ ನಯ."

"ನಯ ಅಲ್ಲ, ಬರೀ ಧೂಳು. ತೆಗೆದು ಬಿಸಾಡಿ. ಧೂಳು ಬಿಡದ ಮೆತ್ತನೆಯ ಬಟ್ಟೆ ಹಾಸಬೇಕು, ದಿನಾ ಬದಲಿಸಬೇಕು. ಗೂಡು ಎಲ್ಲಿಡ್ತೀರಿ?"

"ನನ್ನ ಕುರ್ಚಿಯ ಪಕ್ಕದಲ್ಲಿ. ಗಾಳಿ ಬಡಿಯದ ಜಾಗ ಅದೊಂದೇ ಅಂತೆ. ನನ್ನ ಹೆಂಡತಿಯ ತೀರ್ಮಾನ!" ಎಂದ ಶೆಟ್ಟರಿಗೆ ಅದನ್ನು ನೆನೆದೇ ರೋಷ ಉಕ್ಕಿ, ಕೈ ತಾನಾಗಿ ಸೊಂಟಕ್ಕೆ ಹೋಯಿತು. ಡಬ್ಬಿ ತೆರೆಯಿತು. ಚಿಟಿಕೆ ಏರಿತು.

ಮುತ್ತು ನಾಲ್ಕು ಸಲ ಸೀನಿ, ಮಗುಚಿ ಬಿದ್ದು, "ಕಿಂಯ್" ಎಂದಿತು.

ಡಾಕ್ಟರು ಡಬ್ಬಿಯನ್ನು ನೋಡಿದರು. ಇಲಿಯನ್ನು ನೋಡಿದರು. ಶೆಟ್ಟರನ್ನು ನೋಡಿದರು.

"ನಸ್ಯ ಬಿಡಬೇಕು," ಎಂದರು.

"ಇಲಿಯಾ?"

"ನೀವು."

ಮನುಷ್ಯನೊಬ್ಬ ಇಲಿಯ ಆರೋಗ್ಯಕ್ಕಾಗಿ ಪಥ್ಯ ಹಿಡಿಯಬೇಕೆಂದು ಯಾವ ವೈದ್ಯಶಾಸ್ತ್ರದಲ್ಲಿ ಬರೆದಿದೆಯೆಂದು ಶೆಟ್ಟರು ಗುಡುಗಿದರು. ಡಾಕ್ಟರು ಚೀಟಿ ಬರೆದು ಕೊಟ್ಟರು: ಉಮಿ ಬೇಡ, ಹೊಗೆ ಬೇಡ, ನಸ್ಯ ಬೇಡ. ಆ ಚೀಟಿಯನ್ನು ದಾರಿಯಲ್ಲಿ ನುಂಗಿಬಿಡಬಹುದಿತ್ತೆಂದು ಶೆಟ್ಟರಿಗೆ ಹೊಳೆದದ್ದು ಅಮ್ಮಣ್ಣಿ ಅದನ್ನು ಎರಡನೆಯ ಸಲ ಓದುತ್ತಿದ್ದಾಗ.

"ಅಂದರೆ ಇಷ್ಟು ದಿನ ಇದಕ್ಕೆ ವಿಷ ಹಾಕಿದ್ದು ನೀವು!" ಎಂದರು ಅಮ್ಮಣ್ಣಿ. ಡಬ್ಬಿ ಬಾವಿಯ ಪಕ್ಕದ ತೆಂಗಿನ ಬುಡ ಸೇರಿತು. ಉಮಿಯ ಜಾಗಕ್ಕೆ ಶೆಟ್ಟರು ಉದ್ಘಾಟನೆಗೆಂದು ಒಗೆಸಿಟ್ಟಿದ್ದ ನಯವಾದ ಮಲ್ಲುಬಟ್ಟೆಯ ಮುಂಡುಪಂಚೆ ಬಂತು. ಗೂಡು ಇದ್ದಲ್ಲಿಯೇ ಉಳಿಯಿತು. ಕುರ್ಚಿ ಜಗಲಿಗೆ ಹೋಯಿತು.

ಎರಡೇ ದಿನದಲ್ಲಿ ಮುತ್ತುವಿನ ಉಸಿರು ಹಗುರಾಯಿತು. ಇದಂತೂ ಶೆಟ್ಟರಿಗೆ ಸಹಿಸಲಾಗದ ದ್ರೋಹ. ಕನಿಷ್ಠ ಒಂದು ವಾರವಾದರೂ ನರಳಿ ಡಾಕ್ಟರರನ್ನು ಸುಳ್ಳು ಮಾಡಬಾರದಿತ್ತೇ?

ಭಾನುವಾರ ಶಾಲೆಯ ಅಂಗಳ ತುಂಬಿತ್ತು. ಶೆಟ್ಟರು ಹಳೆಯ ಮುಂಡು ಉಟ್ಟು, ಭಾಷಣದ ಕಾಗದ ಹಿಡಿದು ವೇದಿಕೆ ಹತ್ತಿದರು. ಆದರೆ ಮೈಕಿನ ಮುಂದೆ ಮೊದಲು ನಿಂತವನು ಶಂಭು.

"ನಮ್ಮ ಪ್ರೀತಿಯ ಅಧ್ಯಕ್ಷರಿಗೆ ಉಸಿರಾಟದ ಕಾಯಿಲೆ ಉಂಟೆಂಬುದು ನನಗೆ ಮೊನ್ನೆ ಬಸ್ಸಿನಲ್ಲಿ ತಿಳಿಯಿತು. ಇಷ್ಟು ದಿನ ಅವರು ಒಂದು ಮಾತು ಹೇಳಲಿಲ್ಲ. ಭತ್ತದ ಕಣಜದ ಧೂಳು, ಪಾಷಾಣದ ಹುಡಿ... ಇದರಲ್ಲಿ ಅವರನ್ನು ಏಳು ದಿನ ತಿರುಗಿಸಿದರೆ ನಾವು ಮನುಷ್ಯರಾ? ಆದ್ದರಿಂದ ಸಮಿತಿ ಅವರಿಗೆ ವಿಶ್ರಾಂತಿ ಕೊಟ್ಟು, ಭಾರವನ್ನು ನೋಣಯ್ಯ ಗೌಡರಿಗೆ ಒಪ್ಪಿಸಿದೆ."

ಶೆಟ್ಟರು ಕುರ್ಚಿಯಿಂದ ಎದ್ದರು. "ನನಗೆ ಎಂತ ಕಾಯಿಲೆಯೂ ಇಲ್ಲ! ಉಬ್ಬಸ ಇದ್ದದ್ದು..." ಎಂದು ಬಾಯಿ ತೆರೆದು, ಹೆಂಗಸರ ಸಾಲಿನಲ್ಲಿ ಕೂತ ಅಮ್ಮಣ್ಣಿಯನ್ನು ನೋಡಿ, ಎದುರಿಗಿದ್ದ ಇನ್ನೂರು ಮಂದಿಯನ್ನು ನೋಡಿ, ನಿಂತುಬಿಟ್ಟರು. ಯಾರಿಗೆಂದು ಹೇಳುವುದು? ತಮ್ಮ ಮನೆಯ ಇಲಿಗೆ ಎಂದೇ?

"ನೋಡಿ, ಮಾತಾಡಲಿಕ್ಕೂ ಉಸಿರು ಸಾಲುವುದಿಲ್ಲ," ಎಂದು ಮುಂದಿನ ಸಾಲಿನಲ್ಲಿ ಅಬ್ದುಲ್ ಮಜೀದ್ ಕಣ್ಣೊರೆಸಿಕೊಂಡ.

ನೋಣಯ್ಯ ಗೌಡರು ಬಂದು ಅವರನ್ನು ಮೃದುವಾಗಿ ಹಿಡಿದು ಕೂರಿಸಿದರು. ಕೊನೆಯ ದಿನಕ್ಕೆಂದು ತಂದಿಟ್ಟಿದ್ದ ಶಾಲನ್ನು ಅಲ್ಲಿಯೇ ತರಿಸಿ ಹೊದಿಸಿದರು. ಕೆಂಪು ಅಂಚು, ಜರಿ, ಅಂಗೈಯಲ್ಲಿ ಜಾರುವಷ್ಟು ನುಣುಪು. ಚಪ್ಪಾಳೆ ಬಿತ್ತು. "ಡಾಕ್ಟರ ಮಾತಿನಂತೆ ಶೆಟ್ರು ನಸ್ಯವನ್ನೂ ಬಿಟ್ಟಿದ್ದಾರೆ, ಅಂಗಡಿಯವರು ದಯವಿಟ್ಟು ಸಹಕರಿಸಬೇಕು," ಎಂದು ಶಂಭು ಸೇರಿಸಿದ. ಅವನಿಗೆ ಇದನ್ನು ಹೇಳಿದ್ದು ಯಾರೆಂದು ಕೇಳಬೇಕಾಗಿಯೇ ಇರಲಿಲ್ಲ. ಅಮ್ಮಣ್ಣಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು.

ಹೇಗಾದರೂ ಆಗಲಿ, ಶಾಲು ಶಾಲೇ. ಅದನ್ನು ಹೊದ್ದುಕೊಂಡೇ ಶೆಟ್ಟರು ಪೇಟೆಯ ದಾರಿಯಲ್ಲಿ ಎರಡು ಸುತ್ತು ಹೆಚ್ಚು ಹಾಕಿ, ಸಿಕ್ಕವರಿಗೆಲ್ಲ ತೋರಿಸಿ, (ಸಿಕ್ಕವರೆಲ್ಲ ಶಾಲು ಬಿಟ್ಟು ಉಬ್ಬಸವನ್ನೇ ವಿಚಾರಿಸಿದರು) ಮಧ್ಯಾಹ್ನ ಮನೆ ಸೇರಿದರು. ಚಾವಡಿಯ ಗೋಡೆಯಲ್ಲಿ ಅದನ್ನು ತೂಗಿಸಲು ಮೊಳೆ ಎಲ್ಲಿ ಹೊಡೆಯುವುದೆಂದು ಗೋಡೆ ನೋಡುತ್ತ ನಿಂತಿದ್ದಾಗ ಹೆಗಲು ಹಗುರಾಯಿತು.

ಅಮ್ಮಣ್ಣಿ ಶಾಲನ್ನು ಬೆಳಕಿಗೆ ಹಿಡಿದು, ಕೊಡವಿ, ಮೂಸಿ, ಕೆನ್ನೆಗೆ ಒತ್ತಿ ನೋಡಿದರು.

"ಒಂದು ಚೂರೂ ಧೂಳಿಲ್ಲ," ಎಂದರು ಮೆಚ್ಚಿಕೊಂಡು. "ಮುಂಡು ಇವತ್ತು ಒಗೆಯಲಿಕ್ಕೆ ಉಂಟು."

ಶೆಟ್ಟರು "ಏ, ಏ..." ಎನ್ನುವುದರೊಳಗೆ ಶಾಲು ನಾಲ್ಕು ಮಡಿಕೆಯಾಗಿ ಗೂಡು ಸೇರಿತು. ಮುತ್ತು ಅದರ ಮೇಲೆ ಒಂದು ಪ್ರದಕ್ಷಿಣೆ ಬಂದು, ಜರಿಯ ಅಂಚನ್ನು ಸ್ವಲ್ಪ ಕಚ್ಚಿ ಪರೀಕ್ಷಿಸಿ, ನಡುವೆ ಸುರುಳಿಯಾಗಿ ಮಲಗಿತು. ಉಸಿರು ಸಲೀಸಾಗಿ ಆಡುತ್ತಿತ್ತು. ಸದ್ದೇ ಇಲ್ಲ.

ಶೆಟ್ಟರು ಹಲ್ಲು ಕಡಿದು ಸೊಂಟಕ್ಕೆ ಕೈ ಹಾಕಿದರು. ಡಬ್ಬಿ ಇರಲಿಲ್ಲ. ಕೋಪವನ್ನು ಎಲ್ಲಿಡುವುದೆಂದು ತಿಳಿಯದೆ ಅವರು ಬಾಯಿ ತೆರೆದು ಜೋರಾಗಿ ಉಸಿರೆಳೆದರು. ಅದು "ಕಿಂಯ್" ಎಂದು ಹೊರಟಿತು.

"ಜಗಲಿಗೆ ಹೋಗಿ ಉಸಿರಾಡಿ," ಎಂದರು ಅಮ್ಮಣ್ಣಿ. "ಮುತ್ತುವಿಗೆ ಹರಡಿದರೆ?"